ಅಂಗೈ ಅಗಲದ ಮೈದಾನ: ಬೋರನಕಣಿವೆಯಲ್ಲಿ ಒಂದು ಭಾನುವಾರ

ಬೋರನಕಣಿವೆಗೆ ಬೆಂಗಳೂರಿನಿಂದ ಎರಡು ದಾರಿ. ತುಮಕೂರು, ಶಿರಾ, ಬುಕ್ಕಾಪಟ್ಟಣದ ಮೇಲೆ ಹೋಗೋದು ಒಂದು. ಗುಬ್ಬಿ, ಕೆ.ಬಿ.ಕ್ರಾಸ್, ಚಿಕ್ಕನಾಯಕನಹಳ್ಳಿ, ಹುಳಿಯಾರು ಅಂತ ತೆಂಗಿನ ತೋಟಗಳ ನಡುವೆ ಹೋಗೋದು ಇನ್ನೊಂದು. ಮೊದಲನೆಯದು ಬಯಲುಸೀಮೆಯ ಒಣ ದಾರಿ. ಬುಕ್ಕಾಪಟ್ಟಣದ ಕುರುಚಲು ಕಾಡನ್ನು 2019ರಲ್ಲಿ ಚಿಂಕಾರ ಜಿಂಕೆಗಳ ವನ್ಯಧಾಮ ಅಂತ ಘೋಷಿಸಿದ್ದಾರೆ. ಎರಡನೆಯದು ಸ್ವಲ್ಪ ಸುತ್ತು, ಆದರೆ ನೆರಳು ಜಾಸ್ತಿ. ಯಾವುದರಲ್ಲಿ ಹೋದರೂ ಮೂರೂವರೆ ಗಂಟೆ ಹಿಡಿಯುತ್ತೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸಿದರೆ ಅದರ ಲೆಕ್ಕ ಬೇರೆ.

ನಾನು ಯಾವಾಗಲೂ ತೋಟದ ದಾರಿಯಲ್ಲೇ ಹೋಗೋದು. ಹುಳಿಯಾರಿನ ಆಚೆ ನಮ್ಮ ಸೋದರಮಾವನ ಮನೆ ಇದೆ. ಈ ಬರಹದ ಅರ್ಧ ಭಾಗ ಅವರದ್ದೇ.

ಕಣಿವೆಗೆ ಹಾಕಿದ ಬಾಗಿಲು

ಬೋರನಕಣಿವೆ ಅನ್ನೋ ಹೆಸರಲ್ಲೇ ಜಾಗದ ವಿವರಣೆ ಇದೆ. ಎರಡು ಗುಡ್ಡಗಳ ನಡುವೆ ಒಂದು ಸಂದು, ಅದರೊಳಗೆ ಹರಿಯೋ ಸುವರ್ಣಮುಖಿ ಹೊಳೆ. ಆ ಸಂದಿಗೆ ಒಂದು ಬಾಗಿಲು ಹಾಕಿದ ಹಾಗೆ ಅಣೆಕಟ್ಟು ಕಟ್ಟಿದ್ದಾರೆ. ಮೈಸೂರು ಅರಸರ ಕಾಲದ ಕೆಲಸ, ಹತ್ತೊಂಬತ್ತನೇ ಶತಮಾನದ ಕೊನೆಯದು. ಇದೇ ಉಪಾಯವನ್ನು ದೊಡ್ಡದಾಗಿ ಮಾಡಿದ್ದು ಹಿರಿಯೂರಿನ ಹತ್ತಿರದ ಮಾರಿಕಣಿವೆಯಲ್ಲಿ. ಅಲ್ಲಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ ಮುಗಿದಿದ್ದು 1907ರಲ್ಲಿ. ಬೋರನಕಣಿವೆ ಅದಕ್ಕಿಂತ ಹಿರಿಯದು, ಗಾತ್ರದಲ್ಲಿ ಕಿರಿಯದು.

ಇದು ಕೆ.ಆರ್.ಎಸ್ ಥರ ವರ್ಷವರ್ಷ ತುಂಬೋ ಜಲಾಶಯ ಅಲ್ಲ. ಎಷ್ಟೋ ವರ್ಷ ತಳದಲ್ಲಿ ಒಂದಿಷ್ಟು ನೀರು ಇಟ್ಟುಕೊಂಡು ಸುಮ್ಮನೆ ಬಿದ್ದಿರುತ್ತೆ. ಮಳೆ ಚೆನ್ನಾಗಿ ಹಿಡಿದ ವರ್ಷ ದಿಢೀರಂತ ತುಂಬಿ ಕೋಡಿ ಬೀಳುತ್ತೆ. ಆಗ ಸುತ್ತಲಿನ ಹಳ್ಳಿಯವರೆಲ್ಲ ಬುತ್ತಿ ಕಟ್ಟಿಕೊಂಡು ನೋಡೋಕೆ ಬರ್ತಾರೆ. ಬೇಸಿಗೆ ಹತ್ತಿರ ಬಂದಂತೆ ನೀರು ಹಿಂದೆ ಸರಿಯುತ್ತೆ, ಅಂಚಿನಲ್ಲಿ ಗಟ್ಟಿಯಾದ, ಚಪ್ಪಟೆ ನೆಲ ಎದ್ದು ಕಾಣುತ್ತೆ. ಹುಡುಗರಿಗೆ ಇಷ್ಟು ಸಾಕು. ನಾಲ್ಕು ಕೋಲು ನೆಟ್ಟು, ಸುಣ್ಣದ ಗೆರೆ ಎಳೆದು, ಒಂದು ಶಾಮಿಯಾನ ಹಾಕಿದರೆ ಅದು ಕ್ರಿಕೆಟ್ ಮೈದಾನ.

ನಾನು ಹೋಗಿದ್ದು ಅಂಥ ಒಂದು ಭಾನುವಾರ. ಟೆನಿಸ್ ಬಾಲ್ ಟೂರ್ನಮೆಂಟು, ಆರು ಓವರಿನ ಮ್ಯಾಚುಗಳು. ಮಾವನನ್ನು ಕರಕೊಂಡು ಹೋಗಬೇಕು ಅನ್ನೋದೇ ನನ್ನ ಪ್ರವಾಸದ ಉದ್ದೇಶ.

ಅಲ್ಲಾಡಿಸಿ ನೋಡುವವರು

ಮಾವನಿಗೆ ಈಗ ಅರವತ್ತೆರಡು. ಗ್ಲಾಕೋಮಾದಿಂದ ಎರಡೂ ಕಣ್ಣು ಹೋಗಿದೆ. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮೊದಲು ಪಕ್ಕದ ನೋಟ ಕಿರಿದಾಗುತ್ತಾ ಬರುತ್ತೆ. ನೋವು ಇರೋದಿಲ್ಲ, ಎದುರಿಗಿರೋದು ಚೆನ್ನಾಗೇ ಕಾಣ್ತಿರುತ್ತೆ, ಹಾಗಾಗಿ ಯಾರಿಗೂ ಗೊತ್ತಾಗಲ್ಲ. ಹೋದ ನೋಟ ವಾಪಸ್ ಬರಲ್ಲ, ಉಳಿದಿದ್ದನ್ನು ಮಾತ್ರ ಔಷಧಿಯಿಂದ ಕಾಪಾಡಬಹುದು. ನಲವತ್ತು ದಾಟಿದವರು ಕನ್ನಡಕದ ನಂಬರ್ ನೋಡಿಸೋಕೆ ಹೋದಾಗ ಕಣ್ಣಿನ ಒತ್ತಡವನ್ನೂ ನೋಡಿಸಿ. ನಿಮ್ಮ ಅಪ್ಪ ಅಮ್ಮನಿಗೂ ಹೇಳಿ.

ಕಣ್ಣು ಹೋದ ಮೇಲೂ ಮಾವ ತೋಟದ ಕೆಲಸ ಬಿಟ್ಟಿಲ್ಲ. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವ ರೀತಿ ಗೊತ್ತಿಲ್ಲದವರಿಗೆ ಎರಡು ಮಾತು. ಬಲಿತ ಕಾಯಿಯನ್ನು ಸುಲಿಯದೆ ಮನೆಯ ಅಟ್ಟದ ಮೇಲೆ ಹರಡುತ್ತಾರೆ. ಹತ್ತು ಹನ್ನೊಂದು ತಿಂಗಳು ಅದು ಅಲ್ಲೇ ಇರಬೇಕು. ಒಳಗಿನ ನೀರು ತಾನಾಗಿಯೇ ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಡಿಸಿಕೊಳ್ಳುತ್ತೆ. ಆಗ ಕಾಯಿ ಹಿಡಿದು ಅಲ್ಲಾಡಿಸಿದರೆ ಒಳಗೆ ಲೊಡಲೊಡ ಅನ್ನುತ್ತೆ. ಆ ಸದ್ದು ಬಂದರೆ ಕೊಬ್ಬರಿ ಆಗಿದೆ ಅಂತ, ಸುಲಿದು ಒಡೆದು ತಿಪಟೂರು ಮಾರುಕಟ್ಟೆಗೆ ಕಳಿಸಬಹುದು. ತೆಂಗಿನ ಸೀಮೆಯಲ್ಲಿ ಕಣ್ಣಿದ್ದವರೂ ಕಿವಿಯಿಂದಲೇ ಕೊಬ್ಬರಿ ನೋಡೋದು. ಹಾಗಾಗಿ ಆ ಕೆಲಸದಲ್ಲಿ ಮಾವನಿಗೆ ಯಾರೂ ಸಮ ಇಲ್ಲ. ಅಕ್ಕಪಕ್ಕದ ತೋಟದವರೂ ಕರೆಸಿಕೊಳ್ಳುತ್ತಾರೆ.

ಅವರು ಬಿಟ್ಟಿದ್ದು ಮ್ಯಾಚು. ವಯಸ್ಸಿನಲ್ಲಿ ತಾಲ್ಲೂಕು ಮಟ್ಟದ ಕಬಡ್ಡಿ ಆಡಿದವರು. ಆಮೇಲೆ ಇಪ್ಪತ್ತು ವರ್ಷ ಹೋಬಳಿಯ ಯಾವ ಕ್ರಿಕೆಟ್ ಟೂರ್ನಮೆಂಟ್ ನಡೆದರೂ ಅಂಪೈರ್ ಅವರೇ. ಕಣ್ಣು ಹೋದ ಮೇಲೆ ಎರಡು ಸಲ ಹೋಗಿ ಬಂದು ಮೂರನೇ ಸಲ "ನಾನು ಬರಲ್ಲ ಕಣ್ರಪ್ಪ" ಅಂದರಂತೆ.

ಯಾಕೆ ಅಂತ ಕೇಳಿದೆ.

"ಎಲ್ಲಾರೂ ಹೋ ಅಂತಾರೆ ಕಣವ್ವ. ನಾನು ಪಕ್ಕದೋನ್ನ ಏನಾಯ್ತೋ ಅಂತ ಕೇಳ್ತೀನಿ. ಅವನು ತಾಳಿ ಮಾವ ತಾಳಿ ಅಂತಾನೆ. ಅವನು ಹೇಳೋ ಹೊತ್ಗೆ ಮುಂದಿನ ಬಾಲ್ ಹಾಕಿರ್ತಾರೆ. ಎಲ್ಲಾರ ಖುಷಿ ಮುಗುದ್ ಮ್ಯಾಲೆ ನನ್ ಖುಷಿ. ಮದ್ವೆ ಮನೇಲಿ ಕಡೇ ಪಂಕ್ತಿ ಊಟ ಇದ್ದಂಗೆ."

ಮೈಕ್‌ನಲ್ಲಿ ಸಿಗದ ಸುದ್ದಿ

ಹಳ್ಳಿ ಟೂರ್ನಮೆಂಟಿಗೆ ಮೈಕ್ ಇರುತ್ತಲ್ಲ ಅಂತ ನೀವು ಕೇಳಬಹುದು. ಇರುತ್ತೆ. ಮೈಕ್ ಹಿಡಿದವನು ಬಹುಮಾನ ಕೊಟ್ಟವರ ಹೆಸರು ಓದುತ್ತಾನೆ, ಊಟದ ವ್ಯವಸ್ಥೆ ಎಲ್ಲಿದೆ ಅಂತ ಹೇಳುತ್ತಾನೆ, ಬ್ಯಾಟ್ಸ್‌ಮನ್ ಕಾಲೆಳೆಯುತ್ತಾನೆ. ಚೆಂಡು ಎಲ್ಲಿ ಹೋಯಿತು ಅಂತ ಮಾತ್ರ ಹೇಳಲ್ಲ, ಯಾಕೆಂದರೆ ಅದು ಎಲ್ಲರಿಗೂ ಕಾಣ್ತಾ ಇದೆ.

ಟಿವಿಯಲ್ಲೂ ಇದೇ ಕಥೆ. ಮಾವನ ಕಾಲದ ರೇಡಿಯೋ ಕಾಮೆಂಟರಿಯಲ್ಲಿ ಕವರ್ಸ್, ಮಿಡ್ ವಿಕೆಟ್, ಬೌಲರ್ ಯಾವ ತುದಿಯಿಂದ ಓಡಿ ಬರ್ತಿದ್ದಾನೆ, ಎಲ್ಲವನ್ನೂ ಬಾಯಲ್ಲೇ ಹೇಳಬೇಕಿತ್ತು. ಕೇಳುಗರೆಲ್ಲ ಆಗ ಕಣ್ಣು ಮುಚ್ಚಿಕೊಂಡವರೇ ತಾನೆ? ಟಿವಿಯಲ್ಲಿ ಚಿತ್ರ ಇರೋದರಿಂದ ಕಾಮೆಂಟರಿ ಹೇಳುವವರು ಹರಟೆಗೆ ಇಳಿದರು. ಫೋನಿನಲ್ಲಿ ನೋಡಿದರೆ ಇನ್ನೊಂದು ತೊಂದರೆ. ಸ್ಟ್ರೀಮಿಂಗ್ ಹತ್ತಾರು ಸೆಕೆಂಡ್ ಹಿಂದೆ ಇರುತ್ತೆ, ಪಕ್ಕದ ಮನೆಯಲ್ಲಿ ಕೂಗಿ ಆದ ಮೇಲೆ ನಮ್ಮ ಮನೆಯಲ್ಲಿ ಸಿಕ್ಸರ್.

ಲೈವ್ ಅನ್ನೋ ಪದದ ಅರ್ಥ ನನಗೆ ಮಾವನ ಮಾತಿನಿಂದಲೇ ಸರಿಯಾಗಿ ತಿಳಿದಿದ್ದು. ಸುದ್ದಿ ತಿಳಿಯೋದು ದೊಡ್ಡದಲ್ಲ, ಸ್ಕೋರ್ ಯಾವಾಗ ಬೇಕಾದರೂ ತಿಳಿಯುತ್ತೆ. ಎಲ್ಲರ ಜೊತೆ ಅದೇ ಕ್ಷಣಕ್ಕೆ ಕೂಗಬೇಕು.

ಇನ್ನೊಂದು ವಿಷಯ. ಮೈದಾನದಲ್ಲಿ ಕೂತ ಕಣ್ಣಿಲ್ಲದವರ ಕಿವಿಗೆ ಬಿಡುವೇ ಇಲ್ಲ. ಬ್ಯಾಟಿನ ಸದ್ದು, ಓಡುವವರ ಕೂಗು, ಜನರ ಗಲಾಟೆ, ಎಲ್ಲ ಅದರಲ್ಲೇ ತುಂಬಿರುತ್ತೆ. ಅದರ ಮೇಲೆ ನಾವು ಪಕ್ಕದಲ್ಲಿ ಕೂತು ವಿವರಣೆ ಕೊಟ್ಟರೆ ಆ ಸದ್ದೆಲ್ಲ ಮುಚ್ಚಿಹೋಗುತ್ತೆ. ಕೈ ಮಾತ್ರ ಖಾಲಿ ಇರುತ್ತೆ.

ಬೇರೆ ಬೇರೆ ದೇಶದ ಹಲಗೆಗಳು

ಆಫೀಸಿನಲ್ಲಿ ನನ್ನ ಕೆಲಸ ಆ್ಯಪ್‌ಗಳ ಸ್ಕ್ರೀನ್ ವಿನ್ಯಾಸ ಮಾಡೋದು, ಅಂದರೆ ಪೂರ್ತಿ ಕಣ್ಣಿಗೆ ಸಂಬಂಧಿಸಿದ್ದು. ಬೆರಳಿಗೆ ಆಟ ತೋರಿಸುವ ಪ್ರಯತ್ನ ಎಲ್ಲೆಲ್ಲಿ ನಡೆದಿದೆ ಅಂತ ಹುಡುಕುತ್ತಾ ಹೋದರೆ ಒಳ್ಳೆ ಸರಕೇ ಸಿಕ್ಕಿತು.

ಐರ್ಲೆಂಡಿನ ಟ್ರಿನಿಟಿ ಕಾಲೇಜ್ ಡಬ್ಲಿನ್‌ನಲ್ಲಿ ಓದುತ್ತಿದ್ದ ಹುಡುಗರು 'ಫೀಲ್ಡ್ ಆಫ್ ವಿಷನ್' ಅಂತ ಒಂದು ಸಾಧನ ಮಾಡಿದರು. ಟ್ಯಾಬ್ಲೆಟ್ ಗಾತ್ರದ ಹಲಗೆ, ಮೇಲೆ ಫುಟ್‌ಬಾಲ್ ಮೈದಾನದ ಉಬ್ಬುಗೆರೆಗಳು. ಅದರ ಮೇಲೊಂದು ಉಂಗುರ. ಚೆಂಡು ಮೈದಾನದಲ್ಲಿ ಎಲ್ಲಿ ಹೋಗುತ್ತೋ ಹಲಗೆಯ ಮೇಲೆ ಉಂಗುರ ಅಲ್ಲಿಗೆ ಜಾರುತ್ತೆ, ಒಳಗೆ ಅಯಸ್ಕಾಂತ ಅದನ್ನು ಎಳೆಯುತ್ತೆ. ಬೆರಳು ಉಂಗುರದ ಮೇಲಿಟ್ಟರೆ ಚೆಂಡಿನ ಬೆನ್ನು ಹತ್ತಿದ ಹಾಗೆ.

ಅಮೆರಿಕದ ಸಿಯಾಟಲ್‌ನಲ್ಲಿ ಶುರುವಾದ 'ಒನ್‌ಕೋರ್ಟ್' ಇನ್ನೊಂದು ಬಗೆ. ಅದರಲ್ಲಿ ಏನೂ ಜಾರಲ್ಲ, ಹಲಗೆಯ ಬೇರೆ ಬೇರೆ ಜಾಗ ಕಂಪಿಸುತ್ತೆ. ಎರಡೂ ಅಂಗೈ ಇಟ್ಟುಕೊಂಡರೆ ಆ ಕಂಪನ ಓಡಾಡೋದು ಗೊತ್ತಾಗುತ್ತೆ. 2025ರ ಜನವರಿಯಲ್ಲಿ ಪೋರ್ಟ್‌ಲ್ಯಾಂಡ್‌ನ ಟ್ರೇಲ್ ಬ್ಲೇಜರ್ಸ್ ಬ್ಯಾಸ್ಕೆಟ್‌ಬಾಲ್ ತಂಡ ತನ್ನ ಅಂಧ ಪ್ರೇಕ್ಷಕರಿಗೆ ಇದನ್ನು ಕೊಡೋಕೆ ಶುರುಮಾಡಿತು. ಎನ್‌ಬಿಎ ತಂಡಗಳಲ್ಲಿ ಅದೇ ಮೊದಲು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲೂ ಇಂಥ ಸ್ಪರ್ಶದ ಹಲಗೆಗಳಿದ್ದವು.

ಈ ಹಲಗೆಗಳಿಗೆ ಜೀವ ಬರೋದು ಚೆಂಡು ಎಲ್ಲಿದೆ ಅನ್ನುವ ಮಾಹಿತಿಯಿಂದ. ಮೈದಾನದ ಸುತ್ತ ಎತ್ತರದಲ್ಲಿ ಕ್ಯಾಮೆರಾ ಇರಬೇಕು, ಕಂಪ್ಯೂಟರ್ ಪ್ರತಿ ಕ್ಷಣ ಚೆಂಡಿನ ಜಾಗ ಲೆಕ್ಕ ಹಾಕಬೇಕು. ಕ್ರಿಕೆಟ್ಟಿಗೆ ಇದು ಹೊಸದೇನಲ್ಲ. ಹಾಕ್-ಐ 2001ರಲ್ಲೇ ಲಾರ್ಡ್ಸ್ ಟೆಸ್ಟಿನ ಟಿವಿ ಪ್ರಸಾರದಲ್ಲಿ ಬಂತು. ಈಗ ಎಲ್‌ಬಿಡಬ್ಲ್ಯು ರಿವ್ಯೂ ಬಂದಾಗಲೆಲ್ಲ ನಾವು ನೋಡೋದು ಅಂಥ ಲೆಕ್ಕವನ್ನೇ. ಅಂದರೆ ದೊಡ್ಡ ಸ್ಟೇಡಿಯಮ್ಮುಗಳಲ್ಲಿ ಚೆಂಡಿನ ಲೆಕ್ಕ ಹಾಕುವ ಯಂತ್ರ ಆಗಲೇ ಕೆಲಸ ಮಾಡ್ತಿದೆ. ಅದು ಟಿವಿ ಪರದೆಗೆ ಹೋಗ್ತಿದೆ, ಒಂದು ಹಲಗೆಗೂ ಹೋಗಬಹುದು.

ಯಂತ್ರ ಇಲ್ಲದೆಯೂ ಮಾಡಿದವರಿದ್ದಾರೆ. 2014ರ ಫುಟ್‌ಬಾಲ್ ವಿಶ್ವಕಪ್ ಸಮಯದಲ್ಲಿ ಬ್ರೆಜಿಲ್‌ನಲ್ಲಿ ಕಣ್ಣೂ ಕಿವಿಯೂ ಇಲ್ಲದ ಒಬ್ಬ ಅಭಿಮಾನಿಗೆ ಅವರ ಗೆಳೆಯರು ಮೇಜಿನ ಮೇಲೆ ಪುಟ್ಟ ಮೈದಾನ ಮಾಡಿ, ಅವರ ಕೈ ಹಿಡಿದು ಆಟ ನಡೆದ ಹಾಗೇ ಓಡಾಡಿಸಿದ್ದರು. ಆ ವಿಡಿಯೋ ನೋಡಿದ ದಿನವೇ ನಾನು ಮಾವನಿಗೆ ಫೋನ್ ಮಾಡಿದ್ದು.

ಗಿಲಕಿ ಚೆಂಡಿನ ಊರಿನವರು

ಕಣ್ಣಿಲ್ಲದವರು ಆಟ ಆಡೋದರಲ್ಲಿ ನಮ್ಮ ಕರ್ನಾಟಕ ಹಿಂದೆ ಬಿದ್ದಿಲ್ಲ ಅನ್ನೋದನ್ನೂ ಇಲ್ಲೇ ಹೇಳಬೇಕು. 1997ರಲ್ಲಿ ಶುರುವಾದ ಸಮರ್ಥನಂ ಸಂಸ್ಥೆ ಬೆಂಗಳೂರಿನದ್ದು, ದೇಶದ ಅಂಧರ ಕ್ರಿಕೆಟ್ ಸಂಸ್ಥೆಯ ಬೇರೂ ಬೆಂಗಳೂರಿನಲ್ಲೇ. ಅಂಧರ ಮೊದಲ ಟಿ20 ವಿಶ್ವಕಪ್ 2012ರಲ್ಲಿ ಇಲ್ಲೇ ನಡೆಯಿತು, ಭಾರತ ಗೆದ್ದಿತು. ಆಗ ನಾಯಕರಾಗಿದ್ದ ಶಿವಮೊಗ್ಗ ಕಡೆಯ ಶೇಖರ್ ನಾಯ್ಕ್ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಫೆಬ್ರವರಿಯಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಫೈನಲ್‌ನಲ್ಲಿ ಭಾರತ ಪಾಕಿಸ್ತಾನವನ್ನು ಸೋಲಿಸಿತು.

2025ರ ನವೆಂಬರ್‌ನಲ್ಲಿ ಅಂಧ ಮಹಿಳೆಯರ ಮೊದಲ ಟಿ20 ವಿಶ್ವಕಪ್ ನಡೆಯಿತು. ಕೊಲಂಬೋದ ಫೈನಲ್‌ನಲ್ಲಿ ನೇಪಾಳವನ್ನು 7 ವಿಕೆಟ್‌ಗಳಿಂದ ಸೋಲಿಸಿ ಭಾರತ ಕಪ್ ಎತ್ತಿತು. ನಾಯಕಿ ದೀಪಿಕಾ ಟಿ.ಸಿ. ಅವರ ಊರು ಮಡಕಶಿರಾ ತಾಲ್ಲೂಕಿನ ತಂಬಾಲಹಟ್ಟಿ. ಆಂಧ್ರದ ಲೆಕ್ಕಕ್ಕೆ ಸೇರಿದ್ದರೂ ನಮ್ಮ ಶಿರಾ ಗಡಿಗೆ ಅಂಟಿಕೊಂಡ ಸೀಮೆ, ಅವರು ಆಡಿದ್ದೂ ಕರ್ನಾಟಕಕ್ಕೆ. "ನಮ್ ಪಕ್ಕದ್ ಊರ್ ಹುಡ್ಗಿ" ಅಂತ ಮಾವ ಆ ವಾರವೆಲ್ಲ ಎಲ್ಲರಿಗೂ ಹೇಳಿದ್ದೇ ಹೇಳಿದ್ದು.

ಆ ಆಟದ ಚೆಂಡು ಗಟ್ಟಿ ಪ್ಲಾಸ್ಟಿಕ್‌ನದ್ದು, ಒಳಗೆ ಲೋಹದ ಗುಂಡುಗಳು, ಉರುಳಿದರೆ ಗಿಲಗಿಲ ಅನ್ನುತ್ತೆ. ಬೌಲರ್ ಕೈ ಕೆಳಗಿನಿಂದ ಎಸೆಯಬೇಕು, ಚೆಂಡು ನೆಲ ಮುಟ್ಟುತ್ತಾ ಬರಬೇಕು. ಎಸೆಯುವ ಮೊದಲು "ರೆಡಿ?" ಅಂತ ಕೇಳಬೇಕು, ಬ್ಯಾಟ್ ಹಿಡಿದವರು "ಯೆಸ್" ಅಂದ ಮೇಲೆ "ಪ್ಲೇ" ಅಂತ ಕೂಗಿ ಎಸೆಯಬೇಕು. ಪೂರ್ತಿ ದೃಷ್ಟಿ ಇಲ್ಲದವರು ಹೊಡೆದ ಪ್ರತಿ ರನ್ನಿಗೂ ಎರಡರ ಲೆಕ್ಕ. ಚೆಂಡಿನ ಸದ್ದು ಕೇಳಬೇಕಾದ್ದರಿಂದ ಆಟ ನಡೆಯುವಾಗ ಪ್ರೇಕ್ಷಕರು ಸುಮ್ಮನಿರಬೇಕು.

ಇಂಥ ಒಂದು ಚೆಂಡನ್ನು ಮಾವನ ಕೈಗಿಟ್ಟೆ. ಕಿವಿ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸಿ, "ಆಗೈತೆ, ಸುಲೀಬಹುದು" ಅಂದರು.

ನಾರಿನ ಬೌಂಡರಿ

ಹಲಗೆ ಮಾಡಿದ್ದು ಶನಿವಾರ ಸಂಜೆ, ಅವರ ಮನೆಯ ಜಗಲಿ ಮೇಲೆ. ತೊಡೆ ಮೇಲೆ ಕೂರುವಷ್ಟು ದೊಡ್ಡ ಪ್ಲೈವುಡ್ ತುಂಡು. ಅದರ ಮೇಲೆ ತೆಳು ಕಬ್ಬಿಣದ ತಗಡು ಅಂಟಿಸಿದೆವು, ಅಯಸ್ಕಾಂತ ಕಚ್ಚಲಿ ಅಂತ. ಬೌಂಡರಿಗೆ ತೆಂಗಿನ ನಾರಿನ ಹಗ್ಗ. ಒಳಗಿನ ವೃತ್ತಕ್ಕೆ ಸಣ್ಣ ಹುರಿ. ನಡುವೆ ಪಿಚ್‌ಗೆ ಬಡಗಿಗಳ ಪಾಲಿಶ್ ಪೇಪರ್‌ನ ಒಂದು ಪಟ್ಟಿ, ಬೆರಳಿಗೆ ತರಿತರಿ ಸಿಗುತ್ತೆ. ಫೀಲ್ಡರ್‌ಗಳಿಗೆ ಗುಂಡಿ ಗಾತ್ರದ ಅಯಸ್ಕಾಂತಗಳು. ತಗಡು, ಅಂಟು, ಅಯಸ್ಕಾಂತ ಎಲ್ಲ ಸೇರಿ ಐನೂರು ರೂಪಾಯಿ ಒಳಗೆ ಮುಗಿಯಿತು, ಹಗ್ಗ ಮನೆಯದೇ.

ಎಡಗೈ ಹೆಬ್ಬೆರಳು ಯಾವಾಗಲೂ ಪಿಚ್ ಮೇಲೆ ಇರಬೇಕು, ಬಲಗೈ ತೋರುಬೆರಳು ಚೆಂಡು. ಆ ತೋರುಬೆರಳನ್ನು ಪಕ್ಕದಲ್ಲಿ ಕೂತವರು ಹಿಡಿದು ನಡೆಸಬೇಕು. ಹೆಬ್ಬೆರಳು ಒಂದು ಕಡೆ ನೆಟ್ಟಿಲ್ಲದಿದ್ದರೆ ಇನ್ನೊಂದು ಬೆರಳು ಎಷ್ಟು ದೂರ ಹೋಯಿತು ಅಂತ ಮನಸ್ಸಿಗೆ ತಿಳಿಯಲ್ಲ. ಚುಕ್ಕೆ ಬಾಲ್‌ಗೆ ಪಿಚ್ ಮೇಲೆ ಒಂದು ತಟ್ಟು. ವಿಕೆಟ್ ಬಿದ್ದರೆ ಮೂರು ತಟ್ಟು. ಬೆರಳು ಹಗ್ಗ ಮುಟ್ಟಿದರೆ ನಾಲ್ಕು. ಚೆಂಡು ಗಾಳಿಯಲ್ಲಿದ್ದರೆ ಬೆರಳನ್ನು ಹಲಗೆಯಿಂದ ಮೇಲೆತ್ತಬೇಕು, ಹಗ್ಗದ ಆಚೆ ಇಳಿಸಿದರೆ ಆರು. ಈ ಕೊನೆಯದು ಮಾವನ ಸಲಹೆ. ಚೆಂಡು ಮೇಲೆ ಹೋದಾಗ ಕ್ಯಾಚ್ ಆಗುತ್ತೋ ಸಿಕ್ಸ್ ಆಗುತ್ತೋ ಅಂತ ಉಸಿರು ಹಿಡಿಯೋ ಆ ಒಂದು ಗಳಿಗೆ ತಮಗೂ ಬೇಕು ಅಂದರು.

ಇನ್ನೊಂದು ಪ್ರಶ್ನೆಗೆ ಅರ್ಧ ಗಂಟೆ ಚರ್ಚೆ ಆಯಿತು. ಕ್ರಿಕೆಟ್ಟಿನಲ್ಲಿ ಓವರ್ ಮುಗಿದ ಮೇಲೆ ಬೌಲರ್ ಇನ್ನೊಂದು ತುದಿಯಿಂದ ಹಾಕುತ್ತಾನೆ. ಆಗ ಹಲಗೆಯನ್ನು ತಿರುಗಿಸಬೇಕಾ ಬೇಡವಾ? ಟಿವಿಯಲ್ಲಿ ಎಲ್ಲ ಓವರೂ ಒಂದೇ ದಿಕ್ಕಿನಿಂದ ಕಾಣುತ್ತೆ, ಹಾಗಾಗಿ ತಿರುಗಿಸೋದು ಸರಿ ಅಂತ ನನ್ನ ವಾದ. ಮಾವ ಒಪ್ಪಲಿಲ್ಲ.

"ನಾನು ಕೂತಿರೋದು ಟಿವಿ ಮುಂದೆ ಅಲ್ಲ ಕಣವ್ವ, ಕಟ್ಟೆ ಮುಂದೆ. ಏರಿ ನನ್ ಬೆನ್ನಿಗೈತೆ. ನೀರಿನ ಗಾಳಿ ಎಡಗೆನ್ನೆಗೆ ಬೀಳ್ತೈತೆ. ಹೊತ್ತು ಬಲಗಡೆಗೆ ವಾಲ್ತೈತೆ. ಹಲಗೇನೂ ಹಂಗೇ ಇರ್ಲಿ. ನೀರಿನ್ ಕಡೆ ಹೊಡೆದ್ರೆ ಬೆರಳೂ ಗಾಳಿ ಬರೋ ಕಡೆ ಹೋಗ್ಲಿ."

ಹಲಗೆ ತಿರುಗಿಸಬಾರದು ಅಂತ ತೀರ್ಮಾನ ಆಯಿತು. ನಾನು ಇಷ್ಟು ವರ್ಷ ಬೋರನಕಣಿವೆಗೆ ಬಂದಿದ್ದೀನಿ, ಫೋಟೋ ತೆಗೆದಿದ್ದೀನಿ. ಅಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತೆ ಅಂತ ನನಗೆ ಮೊದಲು ಹೇಳಿದ್ದು ಅವರು.

ಭಾನುವಾರದ ಮ್ಯಾಚು

ಬೆಳಿಗ್ಗೆ ಒಂಬತ್ತಕ್ಕೆ ಹೋದೆವು. ಕಾರು ಇಳಿದ ಕೂಡಲೇ ಮಾವ ಮೊದಲು ಏರಿಯ ಕಲ್ಲು ಮುಟ್ಟಿದರು. ಬಿಸಿಲು ಬಿದ್ದ ಕಲ್ಲು ಆಗಲೇ ಬೆಚ್ಚಗಿತ್ತು. ಚಿಕ್ಕಂದಿನಲ್ಲಿ ಆ ಕಲ್ಲಿನ ಮೇಲಿಂದ ನೀರಿಗೆ ಹಾರುತ್ತಿದ್ದ ಕಥೆ ಹೇಳಿದರು. ಒಂದು ಸಲ ಜೋರಾಗಿ "ಓಯ್" ಅಂತ ಕೂಗಿದರು, ಆಚೆ ಗುಡ್ಡ ತಿರುಗಿ ಕೂಗಿತು. "ನೀರು ತುಂಬಾ ಕಮ್ಮಿ ಆಗೈತೆ" ಅಂದರು. ಕೆರೆ ತುಂಬಿದ ವರ್ಷ ಆ ಕೂಗು ಬೇರೆ ಥರ ವಾಪಸ್ ಬರುತ್ತಂತೆ.

ಒಂದು ಹೊಂಗೆ ಮರದ ಕೆಳಗೆ ಜಾಗ ಹಿಡಿದೆವು. ಹಲಗೆ ತೊಡೆ ಮೇಲೆ, ಹೆಬ್ಬೆರಳು ಪಿಚ್ ಮೇಲೆ. ಸುತ್ತ ಕೂತವರಿಗೆ ಕುತೂಹಲ. ಒಬ್ಬರು ನನ್ನನ್ನು ಕೇಳಿದರು, "ಅವ್ರಿಗೆ ಏನ್ ಮಾಡಿಸ್ತಾ ಇದೀಯಮ್ಮ?" ಇದು ಮಾವನಿಗೆ ದಿನಾ ಆಗೋ ಅನುಭವ. ಹೋಟೆಲಿನಲ್ಲೂ "ಅವ್ರಿಗೆ ಕಾಫಿ ಬೇಕಾ" ಅಂತ ಪಕ್ಕದವರನ್ನೇ ಕೇಳುತ್ತಾರೆ, ಅವರು ಅಲ್ಲಿ ಇಲ್ಲವೇ ಇಲ್ಲ ಅನ್ನೋ ಹಾಗೆ. ಮಾವ ತಾವೇ ಉತ್ತರ ಕೊಟ್ಟರು: "ಮ್ಯಾಚ್ ನೋಡ್ತಾ ಇದೀನಿ ಸ್ವಾಮಿ."

ಮೊದಲ ಓವರ್ ಇಬ್ಬರಿಗೂ ಅಭ್ಯಾಸ. ಎರಡನೇ ಓವರಿನಲ್ಲಿ ಒಬ್ಬ ಹುಡುಗ ಎತ್ತಿ ಹೊಡೆದ. ಮಾವನ ಬೆರಳು ಹಿಡಿದು ಮೇಲೆತ್ತಿದೆ. ಬ್ಯಾಟಿನ ಸದ್ದು ಕೇಳಿಯೇ ಅವರು "ತುದೀಲಿ ತಗುಲ್ತು, ಹೋಗಲ್ಲ" ಅಂದರು. ಬೆರಳು ಹಗ್ಗಕ್ಕೆ ಇನ್ನೂ ಎರಡು ಇಂಚು ಇರುವಾಗಲೇ ಅಯಸ್ಕಾಂತದ ಮೇಲೆ ಇಳಿಯಿತು. ಕ್ಯಾಚ್. ಜನ ಹೋ ಅಂದರು, ಅದೇ ಗಳಿಗೆಗೆ ಮಾವನೂ ಹೋ ಅಂದರು. ಯಾರನ್ನೂ ಏನೂ ಕೇಳಲಿಲ್ಲ.

ಮಧ್ಯಾಹ್ನದ ಮ್ಯಾಚಿನಲ್ಲಿ ಜಗಳ ಆಯಿತು. ನೀರಿನ ಕಡೆ ಒಂದು ಹೊಡೆತ, ಫೀಲ್ಡರ್ ಗೆರೆ ಹತ್ತಿರ ಬಿದ್ದು ಚೆಂಡು ತಡೆದ. ನಾನು ಬೆರಳನ್ನು ಹಗ್ಗಕ್ಕೆ ಒಂದು ಕೂದಲಷ್ಟು ಈಚೆಗೆ ನಿಲ್ಲಿಸಿದೆ. ಅಂಪೈರ್ ಫೋರ್ ಕೊಟ್ಟ. ಪಕ್ಕದವರು "ಫೋರು, ಫೋರು" ಅಂದರು.

"ಎಲ್ಲಿ ಫೋರು? ಹಗ್ಗ ಮುಟ್ಟೇ ಇಲ್ಲ," ಅಂದರು ಮಾವ.

"ನಿಮಗೇನ್ ಕಾಣ್ತು ಯಜಮಾನ್ರೇ?"

ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಕೇಳಿದವರಿಗೂ ಮುಜುಗರ ಆಯಿತು ಅಂತ ಕಾಣುತ್ತೆ.

ಮಾವ ಬೆರಳು ಎತ್ತದೆ ಹೇಳಿದರು: "ನನಗೆ ಇಲ್ಲೀಗಂಟ ಕಾಣ್ತು. ನೀವು ಆಗಿಂದ ಫೋನ್ ಹಿಡ್ಕಂಡು ವಿಡಿಯೋ ಮಾಡ್ತಿದೀರಲ್ಲ, ಹಾಕಿ ನೋಡಿ ಮತ್ತೆ."

ವಿಡಿಯೋದಲ್ಲಿ ಧೂಳು ಬಿಟ್ಟರೆ ಬೇರೇನೂ ಸ್ಪಷ್ಟ ಇರಲಿಲ್ಲ. ಹಾಗಾಗಿ ಜಗಳ ಮುಂದುವರಿಯಿತು. ಎರಡು ಓವರ್ ಪೂರ್ತಿ ಇಬ್ಬರೂ ಬಿಟ್ಟುಕೊಡಲಿಲ್ಲ. ಹಳೇ ಅಂಪೈರ್ ಅಲ್ಲವೇ, ನಿಯಮ ಎಲ್ಲ ತೆಗೆದರು. ಕಡೆಗೆ ಆ ಯಜಮಾನರು ಒಂದು ಪೊಟ್ಟಣ ಕಡ್ಲೆಕಾಯಿ ತಂದು ಇಬ್ಬರ ನಡುವೆ ಇಟ್ಟುಕೊಂಡು ಕೂತರು. ಆಮೇಲೆ ಅವರು ನನ್ನನ್ನು ಏನೂ ಕೇಳಲಿಲ್ಲ, ಎಲ್ಲ ಮಾತೂ ಮಾವನ ಜೊತೆಗೇ.

ಬೆರಳು ಯಾರದ್ದು?

ಈ ಹಲಗೆಗೆ ಒಂದು ಮಿತಿ ಇದೆ. ಯಾರಾದರೂ ಪಕ್ಕದಲ್ಲಿ ಕೂರಬೇಕು. ಡಬ್ಲಿನ್‌ನ ಉಂಗುರವೋ ಸಿಯಾಟಲ್‌ನ ಕಂಪನವೋ ಆದರೆ ಒಬ್ಬರೇ ಹೋಗಿ ಕೂತು ನೋಡಬಹುದು, ಯಾರ ಹಂಗೂ ಬೇಡ. ಅಂಗವಿಕಲರ ಹಕ್ಕುಗಳಿಗಾಗಿ 2016ರಲ್ಲಿ ಬಂದ ಕಾಯಿದೆಯಲ್ಲಿ ಮನರಂಜನೆಗೂ ಕ್ರೀಡೆಗೂ ಬೇರೆ ಬೇರೆ ಕಲಮುಗಳೇ ಇವೆ. ಚಿನ್ನಸ್ವಾಮಿಯಂಥ ಕಡೆ ಮುಂದೊಂದು ದಿನ ಟಿಕೆಟ್ ಜೊತೆ ಇಂಥ ಹಲಗೆ ಸಿಗಬೇಕು ಅಂತ ಕೇಳೋದು ದುರಾಸೆ ಏನಲ್ಲ.

ಬೋರನಕಣಿವೆಯ ಮೈದಾನಕ್ಕೆ ಕ್ಯಾಮೆರಾ ಬರಲ್ಲ, ಬೆರಳು ಬೇಕೇಬೇಕು. ನಾನು ಸೋಮವಾರ ಆಫೀಸಿಗೆ ವಾಪಸ್ ಹೋಗಬೇಕು. ಆಮೇಲೆ ಯಾರು? ಇದೇ ಯೋಚನೆ ಇತ್ತು. ಮೂರನೇ ಮ್ಯಾಚಿನ ಹೊತ್ತಿಗೆ ಮಾವನ ಮೊಮ್ಮಗಳು, ಏಳನೇ ಕ್ಲಾಸಿನವಳು, "ಅತ್ತೆ, ನಾನ್ ಮಾಡ್ತೀನಿ ಸರಿ" ಅಂತ ನನ್ನನ್ನು ಎಬ್ಬಿಸಿದಳು. ಹತ್ತು ನಿಮಿಷದಲ್ಲಿ ನನಗಿಂತ ಚುರುಕಾದಳು. ಫೀಲ್ಡರ್ ಕೈಯಿಂದ ಚೆಂಡು ಜಾರಿದರೆ ಬೆರಳನ್ನು ಗಿಲಗಿಲ ಅಲ್ಲಾಡಿಸೋ ಹೊಸ ಸನ್ನೆ ಸೇರಿಸಿದಳು. ಅದು ಬಂದಾಗಲೆಲ್ಲ ಅಜ್ಜ ಮೊಮ್ಮಗಳು ಇಬ್ಬರಿಗೂ ನಗು.

ನೀವು ಹೋಗೋದಾದರೆ

ಬೋರನಕಣಿವೆ ನೋಡೋಕೆ ಮಳೆಗಾಲದ ಕೊನೆ ಒಳ್ಳೆಯದು, ಆಟ ನೋಡೋಕೆ ಜನವರಿಯಿಂದ ಮುಂದೆ. ಊಟ ತಿಂಡಿ ಹುಳಿಯಾರಿನಲ್ಲೇ ಮುಗಿಸಿಕೊಳ್ಳಿ ಇಲ್ಲವೇ ಕಟ್ಟಿಸಿಕೊಂಡು ಹೋಗಿ. ದಾರಿಯಲ್ಲಿ ಎಳನೀರಿಗೇನೂ ಬರ ಇಲ್ಲ. ನೀರಿಗೆ ಇಳಿಯೋ ಸಾಹಸ ಬೇಡ, ಪ್ಲಾಸ್ಟಿಕ್ ಬಿಟ್ಟು ಬರಬೇಡಿ. ವೇಳೆ ಇದ್ದರೆ ಶಿರಾ ತಾಲ್ಲೂಕಿನ ಕಗ್ಗಲಡುವಿಗೂ ಹೋಗಿ ಬನ್ನಿ, ಅಲ್ಲಿ ಊರೊಳಗಿನ ಹುಣಿಸೆ ಮರಗಳ ಮೇಲೇ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ.

ಕಣ್ಣು ಕಾಣದ ನೆಂಟರೋ ಗೆಳೆಯರೋ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಹಲಗೆ ಮಾಡೋಕೆ ತೆಂಗಿನ ಹಗ್ಗವೇ ಬೇಕು ಅಂತೇನಿಲ್ಲ, ಸೆಣಬಿನ ದಾರವೂ ಆಗುತ್ತೆ. ಯಾವ ಗೆರೆ ದಪ್ಪ ಇರಬೇಕು, ಹಲಗೆ ತಿರುಗಬೇಕಾ ಬೇಡವಾ, ಇದನ್ನೆಲ್ಲ ಅವರೇ ಹೇಳಲಿ. ಮುಟ್ಟುವ ಮೊದಲು "ಬೆರಳು ಹಿಡೀಲಾ?" ಅಂತ ಕೇಳಿ.

ನಾನು ಬೆಂಗಳೂರಿಗೆ ಬಂದು ಹದಿನೈದು ದಿನ ಆಗಿರಬೇಕು, ಮಾವನ ಫೋನ್ ಬಂತು. ಊರ ಜಾತ್ರೆಗೆ ರಾತ್ರಿ ಕಬಡ್ಡಿ ಇದೆಯಂತೆ.

"ಅದಕ್ಕೊಂದ್ ಹಲಗೆ ಮಾಡ್ಕಂಡ್ ಬಾರವ್ವ. ಬರ್ಕೋ. ಉದ್ದ 13 ಮೀಟರು, ಅಗಲ 10. ನಡುಗೆರೆಯಿಂದ ಬಾಕ್ ಲೈನಿಗೆ ಮೂರೂ ಮುಕ್ಕಾಲು, ಅಲ್ಲಿಂದ ಬೋನಸ್‌ಗೆ ಒಂದು. ಎಲ್ಲಾ ಲೆಕ್ಕಕ್ಕೆ ಸರಿಯಾಗಿ ಚಿಕ್ಕದು ಮಾಡು. ಬೋನಸ್ ಗೆರೆಗೆ ಮಾತ್ರ ದಪ್ಪ ದಾರ ಹಾಕು. ಕಡ್ಲೆಕಾಯಿ ಯಜಮಾನ್ರೂ ಬರ್ತಾವ್ರೆ, ಜಗಳ ಆಗೋದೇ ಅಲ್ಲಿ."